ಲೈನ್-ಹೈಟ್‌ಗೆ ಪಿಕ್ಸೆಲ್ ಬೇಡ, ಬರೀ ಸಂಖ್ಯೆ ಸಾಕು
ವೆಬ್‌ಸೈಟ್ ಮಾಡುವವರು ಇದೊಂದು ಬದಲಿಸಿ ನೋಡಿ: ಅಕ್ಷರದ ಅಳತೆಯನ್ನು ಪಿಕ್ಸೆಲ್ ಬದಲು ರೆಮ್‌ನಲ್ಲಿ (ಪುಟದ ಮೂಲ ಅಕ್ಷರದ ಅಳತೆಗೆ ತಕ್ಕಂತೆ ಹಿಗ್ಗುವ ಯೂನಿಟ್) ಕೊಡಿ, ಲೈನ್-ಹೈಟ್‌ಗೆ, ಅಂದ್ರೆ ಪ್ರತಿ ಸಾಲಿನ ಎತ್ತರಕ್ಕೆ, ಯಾವ ಯೂನಿಟ್ಟೂ ಹಾಕದೆ ಸುಮ್ನೆ 1.5 (ಅಕ್ಷರದ ಅಳತೆಯ ಒಂದೂವರೆ ಪಟ್ಟು) ಅಂತ ಬರೆಯಿರಿ. ಕಣ್ಣು ಮಂದವಾದ ಎಷ್ಟೋ ಜನ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು 16ರಿಂದ 24 ಪಿಕ್ಸೆಲ್‌ಗೆ ಏರಿಸಿಕೊಂಡಿರುತ್ತಾರೆ. ರೆಮ್ ಆ ಸೆಟ್ಟಿಂಗ್‌ನ ಮಾತು ಕೇಳುತ್ತದೆ, ಪಿಕ್ಸೆಲ್ ಕೇಳುವುದಿಲ್ಲ. ಲೈನ್-ಹೈಟನ್ನು 24 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದರೆ ಅಕ್ಷರ ಮಾತ್ರ ದೊಡ್ಡದಾಗಿ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕನ್ನಡದಲ್ಲಂತೂ ಈ ಕಾಟ ಜಾಸ್ತಿ. ‘ಸ್ತ್ರೀ’ ಅಂತ ಬರೆದು ನೋಡಿ, ಅದರ ಒತ್ತುಗಳು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಓದುವವರಿಗೆ ಎಷ್ಟು ಕಷ್ಟ ಅಲ್ವಾ? ಅದಕ್ಕೇ ಕನ್ನಡ ಪುಟಕ್ಕೆ ನಾನು 1.7 ಇಡುತ್ತೇನೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ನಿಗದಿ ಮಾಡಿದ ಬಟನ್, ಕಾರ್ಡ್‌ಗಳಲ್ಲಿ ಈ ಉಪಾಯ ಕೈಕೊಡುತ್ತದೆ, ಅಕ್ಷರ ಹೊರಗೆ ಚಾಚುತ್ತದೆ ಇಲ್ಲವೇ ಅದರ ಬುಡ ಕತ್ತರಿಸಿಹೋಗುತ್ತದೆ. ಅಲ್ಲಿ ಹೈಟ್ ತೆಗೆದು ಮಿನ್-ಹೈಟ್ (ಕನಿಷ್ಠ ಎತ್ತರ, ಬೇಕಾದರೆ ಬೆಳೆಯುತ್ತದೆ) ಹಾಕಿ. ಇಡೀ ಪುಟವನ್ನು ಒಳಗೊಳ್ಳುವ ಎಚ್‌ಟಿಎಂಎಲ್ ಟ್ಯಾಗ್‌ಗೇ ಫಾಂಟ್-ಸೈಜ್ ಪಿಕ್ಸೆಲ್‌ನಲ್ಲಿ ಕೊಟ್ಟಿದ್ದರೆ ರೆಮ್ ಹಾಕಿಯೂ ಉಪಯೋಗವಿಲ್ಲ, ಮೊದಲು ಆ ಸಾಲನ್ನು ಅಳಿಸಿ. ಪುಟವನ್ನು ಜೂಮ್ ಮಾಡಿ ಪರೀಕ್ಷಿಸಬೇಡಿ, ಜೂಮ್‌ನಲ್ಲಿ ಪಿಕ್ಸೆಲ್ಲೂ ಹಿಗ್ಗುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಬ್ರೌಸರ್‌ನ ಅಕ್ಷರದ ಸೆಟ್ಟಿಂಗ್ ಬದಲಿಸಿಯೇ ನೋಡಿ.