ಅಜ್ಜನ ಕನ್ನಡಕದಲ್ಲಿ ‘ಸಿಲಿಂಡರ್’ ಇದೆಯೇ? ಮನೆಯಲ್ಲೇ ನೋಡಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತರೆ ಅಜ್ಜನಿಗೆ ಬಸ್ಸಿನ ನಂಬರಿನಲ್ಲಿರುವುದು 3 ಹೌದೋ 8 ಹೌದೋ ತಿಳಿಯುವುದಿಲ್ಲ. ಪೇಪರಿನಲ್ಲಿ ‘ಪ’, ‘ಷ’ ಒಂದೇ ಥರ. ರಾತ್ರಿ ಮಳೆಯಲ್ಲಿ ಎದುರಿನ ಗಾಡಿಯ ದೀಪ ಗೆರೆಗೆರೆಯಾಗಿ ಹರಡುತ್ತದೆ. ಮನೆಯವರು ‘ಪೊರೆ ಬಂದಿರಬೇಕು’ ಎಂದು ಸುಮ್ಮನಾಗುತ್ತಾರೆ. ಪೊರೆಯೂ ಇದ್ದೀತು, ಆದರೆ ಅಸ್ಟಿಗ್ಮ್ಯಾಟಿಸಂಗೆ ಕನ್ನಡಕ ಸರಿಯಿಲ್ಲದಿದ್ದರೂ ಹೀಗೇ ಆಗುತ್ತದೆ.

ಅಸ್ಟಿಗ್ಮ್ಯಾಟಿಸಂ ಇದ್ದರೆ ಕಣ್ಣಿನ ಮುಂಭಾಗದ ಕಾರ್ನಿಯಾ ಚೆಂಡಿನಂತೆ ಸಮವಾಗಿರದೆ ಚಮಚದ ಬೆನ್ನಿನಂತೆ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಹಾಗಾಗಿ ದೂರದ್ದೂ ಮಸುಕು, ಹತ್ತಿರದ್ದೂ ಮಸುಕು. ಇದನ್ನು ಸರಿಪಡಿಸಲು ಕನ್ನಡಕದಲ್ಲಿ ಹಾಕುವ ಪವರೇ ‘ಸಿಲಿಂಡರ್’. ವಯಸ್ಸಾದಂತೆ ಈ ಬಾಗಿನ ದಿಕ್ಕು ಮೇಲೆ-ಕೆಳಗಿನಿಂದ ಅಡ್ಡಕ್ಕೆ ತಿರುಗುವುದು ಸಾಮಾನ್ಯ. ಹತ್ತು ವರ್ಷದ ಹಳೆಯ ಚೀಟಿ ತೋರಿಸಿ ಕನ್ನಡಕ ಮಾಡಿಸಿದರೆ ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ನೇತುಹಾಕಿದ ರೆಡಿಮೇಡ್ ಕನ್ನಡಕದಲ್ಲಂತೂ ಸಿಲಿಂಡರ್ ಇರುವುದೇ ಇಲ್ಲ.

ಕನ್ನಡಕವನ್ನು ಕೈ ಚಾಚಿ ಹಿಡಿದು, ಒಂದು ಗಾಜಿನ ನಡುವಿನಿಂದ ಬಾಗಿಲ ಚೌಕಟ್ಟಿನ ನೆಟ್ಟಗಿನ ಅಂಚು ನೋಡಿ. ಗಡಿಯಾರದ ಮುಳ್ಳಿನಂತೆ ನಿಧಾನ ತಿರುಗಿಸಿ. ಗಾಜಿನೊಳಗಿನ ಅಂಚು ಓರೆಯಾದರೆ ಸಿಲಿಂಡರ್ ಇದೆ.

ಇನ್ನೊಂದು: ರಟ್ಟಿಗೆ 1 ಮಿ.ಮೀ. ತೂತು ಮಾಡಿ, ಹಗಲು ಬೆಳಕಿನಲ್ಲಿ ಅಜ್ಜ ಅದರ ಮೂಲಕ ಒಂದೊಂದೇ ಕಣ್ಣಿನಿಂದ ಗೋಡೆಯ ಕ್ಯಾಲೆಂಡರ್ ನೋಡಲಿ. ಅಕ್ಷರ ಸ್ಪಷ್ಟವಾದರೆ ದೋಷ ಹೆಚ್ಚಾಗಿ ಪವರಿನದ್ದು. ಆಗದಿದ್ದರೆ ಪೊರೆಯೋ ರೆಟಿನಾದ ತೊಂದರೆಯೋ ಎಂದು ಡಾಕ್ಟರೇ ನೋಡಬೇಕು. ನೆಟ್ಟಗಿನ ಗೆರೆ ಅಲೆಯಂತೆ ಕಂಡರೆ ಕಾಯಬೇಡಿ, ಬೇಗ ತೋರಿಸಿ.

ಮಧುಮೇಹವಿದ್ದವರು ಸಕ್ಕರೆ ಹತೋಟಿಗೆ ಬಂದ ಮೇಲೆ ಪವರ್ ನೋಡಿಸಿ. ಏರಿಳಿತದಲ್ಲಿ ಪವರೂ ಬದಲಾಗುತ್ತದೆ.

ಚೀಟಿಯಲ್ಲಿ ಸಿಲಿಂಡರಿನ ಪಕ್ಕ 1ರಿಂದ 180ರವರೆಗಿನ ಒಂದು ಸಂಖ್ಯೆ ಇರುತ್ತದೆ, ಅದು ಆಕ್ಸಿಸ್, ಅಂದರೆ ಸಿಲಿಂಡರ್ ಯಾವ ಕೋನದಲ್ಲಿ ಕೂರಬೇಕೆಂಬ ಲೆಕ್ಕ. ಇದು 10 ಡಿಗ್ರಿ ತಪ್ಪಿದರೆ ಪ್ರಯೋಜನದ ಮೂರನೇ ಒಂದು ಭಾಗ ಹೋಯಿತು. 30 ತಪ್ಪಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಕನ್ನಡಕ ಹಾಕಿಕೊಂಡೇ ಮಲಗಿ ಫ್ರೇಮ್ ಓರೆಯಾದರೂ ಆಕ್ಸಿಸ್ ತಪ್ಪುತ್ತದೆ.

ಹೊಸ ಕನ್ನಡಕದಲ್ಲಿ ಮೊದಲ ವಾರ ನೆಲ ಇಳಿಜಾರಾಗಿ ಕಾಣಬಹುದು. ಮಳೆಗಾಲದ ಪಾಚಿ ಕಟ್ಟಿದ ಅಂಗಳಕ್ಕೆ, ಕೆಂಪುಕಲ್ಲಿನ ಮೆಟ್ಟಿಲಿಗೆ ಅದನ್ನು ಹಾಕಿಕೊಂಡು ಇಳಿಯುವುದು ಬೇಡ. ಚಾವಡಿಯಲ್ಲಿ ಕೂತು ರೂಢಿಯಾಗಲಿ. ಬೈಫೋಕಲ್ ಆದರೆ ಮೆಟ್ಟಿಲು ಇಳಿಯುವಾಗ ಕಣ್ಣು ಮಾತ್ರವಲ್ಲ, ತಲೆಯನ್ನೇ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಬೇಕು. ಎರಡು ವಾರ ಕಳೆದರೂ ಹೊಂದದಿದ್ದರೆ ಅಂಗಡಿಗೆ ಒಯ್ದು ಚೀಟಿಯ ಆಕ್ಸಿಸಿಗೂ ಗಾಜಿನದ್ದಕ್ಕೂ ತಾಳೆ ಹಾಕಿಸಿ.

ಪೊರೆಯ ಆಪರೇಷನ್ ನಿಶ್ಚಯವಾಗಿದ್ದರೆ ಕಾರ್ನಿಯಾದ ಬಾಗು ಎಷ್ಟಿದೆ, ಆ ಬಾಗನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕೇ ಎಂದು ಮೊದಲೇ ಕೇಳಿ. ಸಾಧಾರಣ ಲೆನ್ಸ್ ಹಾಕಿದರೆ ಪೊರೆ ಹೋದರೂ ಆ ಬಾಗು ಅಲ್ಲೇ ಉಳಿಯುತ್ತದೆ, ಸಿಲಿಂಡರ್ ಕನ್ನಡಕ ಮತ್ತೆ ಬೇಕಾಗುತ್ತದೆ.