ಕುರ್ಚಿ ಎಣಿಸಿ ಮಾತು ಹಿಡಿದದ್ದು: ಕಾಸರಗೋಡಿನ ಮೂರು ವಾಚನಾಲಯಗಳಲ್ಲಿ ನನ್ನ ಅನುಭವ

18ರಿಂದ 25ರ ಪ್ರಾಯದವರು ವಾಚನಾಲಯದಲ್ಲಿ ಯಾರೊಡನೆ, ಎಲ್ಲಿ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಪ್ರಶ್ನಾವಳಿಯಿಂದ ತಿಳಿಯುವುದಿಲ್ಲ. ಕೂತು ಎಣಿಸಬೇಕು. ಹೀಗೆಂದಾಗ "ಕುರ್ಚಿ ಎಣಿಸುವುದೂ ಒಂದು ಸಂಶೋಧನೆಯಾ?" ಎಂದು ಕೇಳಿದವರು ಕಡಿಮೆಯೇನಲ್ಲ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಮೂರು ವಾಚನಾಲಯಗಳಲ್ಲಿ ಎಣಿಸಿದ ಏಳುನೂರು ಚಿಲ್ಲರೆ ಹಾಳೆಗಳು ಈಗ ಕೈಯಲ್ಲುಂಟು. ಎರಡು ಕಡೆ ಸಮಿತಿಯವರು ಆ ಹಾಳೆಗಳನ್ನು ನೋಡಿಯೇ ಮೇಜಿನ ಜಾಗ ಬದಲಿಸಿದರು. ಹೊತ್ತು ಹೊತ್ತಿಗೆ ಕೋಣೆ ಸುತ್ತಿ ಯಾರು ಎಲ್ಲಿ ಕೂತು ಏನು ಮಾಡುತ್ತಿದ್ದಾರೆ ಎಂದು ನಕ್ಷೆಯ ಹಾಳೆಯಲ್ಲಿ ಗುರುತು ಹಾಕುವುದು, ಇಷ್ಟೇ ಕೆಲಸ. ಇದಕ್ಕೆ ಸೀಟಿಂಗ್ ಸ್ವೀಪ್ ಎನ್ನುತ್ತಾರೆ.

ಮೊದಲು ಕಳೆದ ಹಣದ ಲೆಕ್ಕ. ಕನ್ನಡ, ಮಲಯಾಳ ಎರಡರಲ್ಲೂ ನಾಲ್ಕು ಪುಟದ ಪ್ರಶ್ನಾವಳಿ, 300 ಪ್ರತಿ, ಸುಮಾರು 2,400 ರೂಪಾಯಿ. ಅರ್ಧದಷ್ಟೂ ತಿರುಗಿ ಬರಲಿಲ್ಲ. "ಇಲ್ಲಿಗೆ ಯಾಕೆ ಬರುತ್ತೀರಿ" ಎಂಬುದಕ್ಕೆ ಬಂದವುಗಳಲ್ಲೆಲ್ಲ ಒಂದೇ ಉತ್ತರ: ಓದಲು. ಲೈಬ್ರರಿಯನ್ನರ ಮೇಜು ಎರಡು ಮಾರು ದೂರದಲ್ಲಿರುವಾಗ ಗೆಳೆಯರನ್ನು ನೋಡಲು ಬರುತ್ತೇನೆಂದು ಯಾರು ಬರೆಯುತ್ತಾರೆ? "ಸಂವಹನ" ಎಂಬ ಮಾತು ಇನ್ನೊಂದು ತಪ್ಪು. ಕನ್ನಡ ಮಾಧ್ಯಮದಲ್ಲಿ ಓದಿದವರೂ ಅದನ್ನು ಮೊಬೈಲ್ ಸಿಗ್ನಲ್ ಬಗ್ಗೆ ಎಂದುಕೊಂಡು ಉತ್ತರಿಸಿದ್ದರು. "ಮಾತುಕತೆ" ಎಂದು ಬದಲಿಸಿದ ಮೇಲೆ ಉತ್ತರ ಉದ್ದವಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಭಾಷೆಯ ಕಲಂ. "ಮಾತೃಭಾಷೆ" ಎಂದು ಕೇಳಿದರೆ ಜನಗಣತಿಯವರು ಬಂದಾಗ ಮನೆಯ ಹಿರಿಯರು ಹೇಳುವ ಉತ್ತರವೇ ಬರುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಒಂದು ಫಾರ್ಮಿನಲ್ಲಿ "ಕನ್ನಡ" ಎಂದು ಬರೆಯುವುದು ಬರಿಯ ಮಾಹಿತಿಯಲ್ಲ, ಹಕ್ಕಿನ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಹುಡುಗ ಆ ಕಲಂನಲ್ಲಿ ಕನ್ನಡ ಎಂದು ಬರೆದರೆ ಅದು ಸುಳ್ಳಲ್ಲ. ನಮಗೆ ಬೇಕಾದದ್ದನ್ನು ಆ ಪ್ರಶ್ನೆ ಕೇಳಿರಲಿಲ್ಲ, ಅಷ್ಟೆ.

ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದೂ ಉಂಟು. ತುಂಬಿಸಿದವರಲ್ಲಿ ಹೆಚ್ಚಿನವರು ವಾಚನಾಲಯದ ಮೆಟ್ಟಿಲು ಹತ್ತದವರು. 4,500 ರೂಪಾಯಿಯ ವಾಯ್ಸ್ ರೆಕಾರ್ಡರಿಗೆ ಫ್ಯಾನಿನ ಸದ್ದು, ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು ಮಾತ್ರ ಸಿಕ್ಕಿತು. ಕೇಳದೆ ಮಾತು ಹಿಡಿಯುವುದು ತಪ್ಪು, ಕೇಳಿ ಹಿಡಿದರೆ ಯಾರೂ ಮಾತಾಡುವುದಿಲ್ಲ. ಎರಡನೇ ದಿನವೇ ಅದನ್ನು ಬಿಟ್ಟೆವು. ಗುಂಪು ಚರ್ಚೆ ಮೂರು ಸಲ ಮಾಡಿದೆವು, ಮೂರರಲ್ಲೂ ಯುವವೇದಿಯ, ಅಂದರೆ ವಾಚನಾಲಯದ ಯುವಕರ ಘಟಕದ, ಪದಾಧಿಕಾರಿಗಳೇ ಮಾತಾಡಿದರು. ಸಂಜೆ ಐದೂವರೆಗೆ ಇಟ್ಟದ್ದರಿಂದ ಹುಡುಗಿಯರು ನಡುವಿನಲ್ಲೇ ಬಸ್ಸಿಗೆ ಎದ್ದು ಹೋದರು. ಅವರ ಮಾತು ಒಂದು ಪುಟವೂ ಆಗಲಿಲ್ಲ.

ಇನ್ನು ಫಲ ಕೊಟ್ಟ ದಾರಿ. ಕೋಣೆಯನ್ನು 30 ಮೀಟರ್ ಟೇಪಿನಲ್ಲಿ ಅಳೆದು ಗ್ರಾಫ್ ಹಾಳೆಯಲ್ಲಿ ನಕ್ಷೆ ಹಾಕಿ, ಎ4ಗೆ ಕಿರಿದಾಗಿಸಿ ಜೆರಾಕ್ಸ್ ಮಾಡಿಸಿ. ನಕ್ಷೆ ಬಾಗಿಲಲ್ಲಿ ನಿಲ್ಲಬಾರದು. ಜಗಲಿ, ಮೆಟ್ಟಿಲು, ಬೈಕ್ ನಿಲ್ಲಿಸುವ ಜಾಗ, ನೀರಿನ ಫಿಲ್ಟರ್ ಎಲ್ಲ ಬರಬೇಕು, ಯಾಕೆಂದರೆ ಮಾತಿನ ಬಹುಪಾಲು ಅಲ್ಲೇ. ಕುರ್ಚಿಗೆ ನಂಬರ್ ಹಾಕಬೇಡಿ, ಮೊದಲ ವಾರದ ಹಾಳೆಗಳೆಲ್ಲ ಅದರಿಂದಲೇ ಹಾಳಾದವು. ಹುಡುಗರು ಕುರ್ಚಿ ಎಳೆದುಕೊಂಡು ಹೋಗುತ್ತಾರೆ, 14ನೇ ಕುರ್ಚಿ ಸಂಜೆಯೊಳಗೆ ಮೂರು ಮೇಜು ದಾಟಿರುತ್ತದೆ. ನೆಲದ ಟೈಲ್ ಎಣಿಸಿ. ಎರಡಡಿಯ ಟೈಲ್ ಆದರೆ ಬಾಗಿಲಿಂದ ಇಷ್ಟನೇ ಸಾಲು, ಗೋಡೆಯಿಂದ ಇಷ್ಟನೇದು ಎಂದರೆ ಸಾಕು. ಒಂದು ಹಳೆಯ ಕಟ್ಟಡದಲ್ಲಿ ರೆಡ್ ಆಕ್ಸೈಡ್ ನೆಲ, ಗೆರೆಯೇ ಇಲ್ಲ. ಅಲ್ಲಿ ಮಾಡಿನ ಪಕ್ಕಾಸು, ಅಂದರೆ ಹೆಂಚಿನ ಕೆಳಗಿನ ಮರದ ಪಟ್ಟಿಗಳನ್ನು, ಎಣಿಸಿ ಜಾಗ ಗುರುತಿಸಿದೆವು, ಚೆನ್ನಾಗಿಯೇ ನಡೆಯಿತು. ಎಳೆದ ಕುರ್ಚಿಯನ್ನು ಬಾಣದ ಗುರುತಿನಿಂದ ಬರೆಯಿರಿ. ಯಾರು ಯಾರ ಕಡೆಗೆ ಎಳೆದರು ಎಂಬುದಕ್ಕಿಂತ ಗಟ್ಟಿಯಾದ ಸಾಕ್ಷಿ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಊರ ವಾಚನಾಲಯಗಳಲ್ಲಿ ಜನ ಸೇರುವುದು ಸಂಜೆ. ಹಾಗಾಗಿ ನಾಲ್ಕೂವರೆಯಿಂದ ಏಳೂವರೆ, 20 ನಿಮಿಷಕ್ಕೊಂದು ಸುತ್ತು, ಎಣಿಸುವ ಒಬ್ಬೊಬ್ಬರಿಗೂ ದಿನಕ್ಕೆ ಹತ್ತು ಹಾಳೆ. ಹತ್ತು ನಿಮಿಷಕ್ಕೊಮ್ಮೆ ಎಣಿಸಿದರೆ ಎಲ್ಲರೂ ನಮ್ಮನ್ನೇ ನೋಡುತ್ತಾರೆ. ಅರ್ಧ ಗಂಟೆಗೆ ಹೋದರೆ ಜಗಲಿಯಲ್ಲಿ ನಿಂತು ಮಾತಾಡಿ ಹೋದವರು ತಪ್ಪಿಹೋಗುತ್ತಾರೆ. ಒಂದು ಸುತ್ತು ನಾಲ್ಕು ನಿಮಿಷ ಮೀರಬಾರದು, ಮೀರಿದರೆ ಒಬ್ಬನೇ ಎರಡು ಕಡೆ ಲೆಕ್ಕಕ್ಕೆ ಬರುತ್ತಾನೆ. ಕುರ್ಚಿಯ ಮೇಲೆ ಬ್ಯಾಗ್ ಮಾತ್ರ ಇದ್ದರೆ ಚೌಕ, ಎರಡು ಸುತ್ತಿನಲ್ಲೂ ಬ್ಯಾಗ್ ಮಾತ್ರ ಕಂಡರೆ ಆ ಮನುಷ್ಯ ಎಲ್ಲೋ ಹೊರಗೆ ಮಾತಿನಲ್ಲಿದ್ದಾನೆ ಎಂದೇ ಅರ್ಥ. ಹೆಚ್ಚಾಗಿ ಸಿಗುವುದು ಹತ್ತಿರದ ಗೂಡಂಗಡಿಯಲ್ಲಿ.

ಗುರುತುಗಳು ಒಂದಕ್ಷರದವು: ಓ ಎಂದರೆ ಓದು, ಪಿ ಪಿಸುಮಾತು, ಮಾ ಮಾತು, ಫೋ ಫೋನು, ಕಾ ಕಾಯುವುದು. ಭಾಷೆಗೆ ಮೊದಲು ಮಲಯಾಳ, ಮರಾಠಿ ಎರಡಕ್ಕೂ "ಮ" ಹಾಕಿ ಒಂದು ವಾರದ ಹಾಳೆ ಕಳೆದುಕೊಂಡೆವು. ಆಮೇಲೆ ಮಲ, ಮರಾ ಎಂದಾಯಿತು. ನಿಜವಾದ ಕಷ್ಟ ಇಲ್ಲಿನ ಮುಸ್ಲಿಮರು ಆಡುವ ಬ್ಯಾರಿ ಮತ್ತು ಮಲಯಾಳದ್ದು, ಪಿಸುಮಾತಿನಲ್ಲಿ ಹೊರಗಿನವರ ಕಿವಿಗೆ ಎರಡೂ ಒಂದೇ. ಅದಕ್ಕೇ ಇಬ್ಬರು ಎಣಿಸುವವರು ಬೇಕು, ಒಬ್ಬರಿಗೆ ತುಳು ಕನ್ನಡ ಚೆನ್ನಾಗಿರಬೇಕು, ಇನ್ನೊಬ್ಬರಿಗೆ ಬ್ಯಾರಿ ಮಲಯಾಳ. ಇಬ್ಬರ ಹಾಳೆ ಎಷ್ಟು ಹೊಂದುತ್ತದೆ ಎಂದು ನೋಡಲು ಬರಿಯ ಶೇಕಡಾ ನಂಬಬೇಡಿ. ನಮ್ಮದು ಮೊದಲೇ ಶೇ. 85ರ ಹತ್ತಿರ ಇತ್ತು, ಹಾಳೆಯ ತುಂಬ "ಓ" ಇರುವಾಗ ಅಷ್ಟು ಹೊಂದದೆ ಇರುತ್ತದೆಯೇ? ಸುಮ್ಮನೆ ಹೊಂದಿಬಿಡುವುದನ್ನು ಕಳೆದು ಲೆಕ್ಕ ಹಾಕುವ ಕೊಹೆನ್ ಕಪ್ಪಾ (1 ಎಂದರೆ ಪೂರ್ತಿ ಹೊಂದಿಕೆ) ತೆಗೆದಾಗ 0.4ರ ಆಸುಪಾಸು ಬಂತು. ಮಾತಿನ ನಡುವೆ ಭಾಷೆ ಬದಲಾದರೆ ಏನು ಬರೆಯಬೇಕೆಂಬ ನಿಯಮವೇ ಇರಲಿಲ್ಲ. ಮೊದಲ ವಾಕ್ಯದ ಭಾಷೆ ಮಾತ್ರ ಬರೆಯುವುದು, ಬದಲಾದರೆ ಪಕ್ಕದಲ್ಲಿ ಒಂದು ಗೀಟು ಹಾಕುವುದು ಎಂದು ನಿಶ್ಚಯಿಸಿದ ಮೇಲೆ 0.75ರ ಮೇಲೆ ನಿಂತಿತು.

ಭಾಷೆ ಗೊತ್ತಾಗದಲ್ಲಿ ಕರೆಯುವ ಮಾತು ಬರೆದುಕೊಳ್ಳಿ. ಮಾರಾಯ, ಎಡಾ, ಅಣ್ಣ, ಬ್ರೋ, ಮಾಷೇ. ಇವು ದೂರಕ್ಕೂ ಕೇಳುತ್ತವೆ. "ಮಾರಾಯ" ಕನ್ನಡಕ್ಕೂ ತುಳುವಿಗೂ ಕೂಡಿ ಬರುವುದರಿಂದ ಅದೊಂದನ್ನೇ ನಂಬಿ ಭಾಷೆ ಬರೆಯುವ ಹಾಗಿಲ್ಲ. ಆದರೆ ಇಬ್ಬರ ಸಲಿಗೆ ಎಷ್ಟು ಎಂಬುದಕ್ಕೆ ಅದು ಒಳ್ಳೆಯ ಅಳತೆ. ಪಿಎಸ್‌ಸಿಗೆ (ಸರಕಾರಿ ಕೆಲಸದ ನೇಮಕಾತಿ ಪರೀಕ್ಷೆಗೆ) ಓದುವ ಗುಂಪಿನಲ್ಲಿ ಮೊದಲ ವಾರ "ಬ್ರೋ" ಎಂದವರು ನಾಲ್ಕನೇ ವಾರಕ್ಕೆ "ಮಾರಾಯ"ಕ್ಕೆ ಬಂದದ್ದು ಹಾಳೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರಶ್ನಾವಳಿಯಲ್ಲಿ ಇದನ್ನು ಯಾರು ಬರೆಯುತ್ತಿದ್ದರು?

ಫೋನಿನ ವಿಷಯಕ್ಕೆ ತುಸು ಹೆಚ್ಚು ಜಾಗ ಬೇಕು. "ಫೋ" ಎಂದು ಗುರುತಿಸಿದವರನ್ನು ಮೊದಲು ಒಂಟಿಗಳೆಂದು ಲೆಕ್ಕ ಹಾಕಿದ್ದೆವು. ಅದು ತಪ್ಪು. ಒಬ್ಬಳು ಫೋನ್ ಇಳಿಸಿದ ಕೆಲವೇ ಕ್ಷಣದಲ್ಲಿ ಎರಡು ಮೇಜು ಆಚೆಗಿನವಳು ಫೋನ್ ನೋಡಿ ತಲೆಯೆತ್ತಿ ನಗುತ್ತಾಳೆ. ಮೌನ ಪಾಲಿಸಬೇಕಾದ ಕೋಣೆಯಲ್ಲಿ ಮಾತು ವಾಟ್ಸಾಪಿನಲ್ಲಿ ನಡೆಯುತ್ತಿದೆ, ಅದೂ ಒಂದೇ ಕೋಣೆಯೊಳಗೆ. ಸ್ಕ್ರೀನ್ ಇಣುಕಿ ನೋಡುವುದು ಬೇಡ, ನೋಡಲೂ ಬಾರದು. ಫೋನಿಂದ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದ ಜೋಡಿಗಳನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ಸೇರಿಸಿದೆವು. ಹುಡುಗ ಹುಡುಗಿಯರು ಬೇರೆ ಬೇರೆ ಮೇಜಿನಲ್ಲಿ ಕೂರುವ ವಾಚನಾಲಯದಲ್ಲೇ ಚುಕ್ಕೆಗೆರೆಗಳು ಹೆಚ್ಚು. ಅಲ್ಲಿ ಬಾಯಿಮಾತಿನ ಲೆಕ್ಕ ಮಾತ್ರ ತೆಗೆದಿದ್ದರೆ "ಇಲ್ಲಿ ಬೆರೆಯುವುದೇ ಇಲ್ಲ" ಎಂದು ಬರೆದುಬಿಡುತ್ತಿದ್ದೆವು.

ರಿಜಿಸ್ಟರ್ ನಂಬಬೇಡಿ. ಪುಸ್ತಕ ಕೊಟ್ಟ ರಿಜಿಸ್ಟರಿನಲ್ಲಿ ರ‍್ಯಾಂಕ್ ಫೈಲ್ (ಪಿಎಸ್‌ಸಿ ತಯಾರಿಯ ಪುಸ್ತಕ) ಓದುವವರ ಹೆಸರೇ ಇರುವುದಿಲ್ಲ, ಅವರು ಪುಸ್ತಕ ಮನೆಯಿಂದಲೇ ತರುತ್ತಾರೆ. ಬಂದವರ ಸಹಿಯ ಪುಸ್ತಕದಲ್ಲಿ ಒಬ್ಬ ನಾಲ್ವರ ಸಹಿ ಹಾಕುತ್ತಾನೆ. ತಾಳೆ ನೋಡಲು ನಮಗೆ ಒದಗಿದ್ದು ಚಪ್ಪಲಿ. ಇಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುವುದು. ಸುತ್ತು ಮುಗಿದ ಕೂಡಲೇ ಚಪ್ಪಲಿ ಜೋಡಿ ಎಣಿಸಿ ಹಾಳೆಯ ಮೂಲೆಯಲ್ಲಿ ಬರೆಯಿರಿ. ಒಳಗಿನ ತಲೆ ಲೆಕ್ಕಕ್ಕೂ ಅದಕ್ಕೂ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಹಾಳೆಯನ್ನು ನಾವು ಬದಿಗಿಟ್ಟೆವು.

ಕೆಲವು ದಿನಗಳನ್ನು ಪೂರ್ತಿ ಬಿಡಬೇಕು. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ನೆನಪಿನ ಜೂನ್ 19ರ ವಾಚನ ದಿನ ಮತ್ತು ಅದರ ನಂತರದ ವಾರ ಕಾರ್ಯಕ್ರಮಗಳ ಜನಜಂಗುಳಿ, ಅದು ದಿನನಿತ್ಯದ ಚಿತ್ರವಲ್ಲ. ಹರತಾಳದ ದಿನವನ್ನಂತೂ ಬಿಡಲೇಬೇಕು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಅರ್ಧ ಕೋಣೆ ಖಾಲಿಯಾಗುತ್ತದೆ. ಆ ತಿಂಗಳ ಹಾಳೆಯನ್ನು ಬೇರೆ ತಿಂಗಳದ್ದರ ಜೊತೆ ಸೇರಿಸಿದರೆ ಬ್ಯಾರಿ ಮಾತಿನ ಲೆಕ್ಕ ಸುಮ್ಮನೆ ಕುಸಿಯುತ್ತದೆ. ಮಳೆಯ ದಿನಗಳನ್ನು ಮಾತ್ರ ಬಿಡಬೇಡಿ, ಬೇರೆ ಕಟ್ಟು ಮಾಡಿ. ಜಗಲಿಗೆ ಎರಚಲು ಹೊಡೆದಾಗ ಹೊರಗಿನ ಮಾತು ಒಳಗೆ ಬರುತ್ತದೆ, ಗೊಣಗಾಟ ಶುರುವಾಗುತ್ತದೆ. ಬಿಸಿಲ ದಿನದ ಮೌನ ಶಿಸ್ತಿನಿಂದ ಬಂದದ್ದಲ್ಲ, ಜಗಲಿ ಇರುವುದರಿಂದ ಬಂದದ್ದು ಎಂದು ಗೊತ್ತಾಗುವುದು ಆಗಲೇ. ನಾನು ಇದನ್ನು ಬಹಳ ದೊಡ್ಡ ಸಂಗತಿ ಎಂದು ತಿಳಿಯುತ್ತೇನೆ. ಹೊಸ ಕಟ್ಟಡ ಕಟ್ಟುವಾಗ ಮೊದಲು ಕತ್ತರಿ ಬೀಳುವುದು ಜಗಲಿಗೇ.

ನಡುವೆ ಒಂದೆರಡು ಪರೀಕ್ಷೆ ಮಾಡಿ ನೋಡಿದ್ದೂ ಉಂಟು. ಪತ್ರಿಕೆಯ ಸ್ಟ್ಯಾಂಡನ್ನು ಕಿಟಕಿಯಿಂದ ಬಾಗಿಲ ಬಳಿಗೆ ತಂದಾಗ ಹಿರಿಯರ ಮಾತು ಹೆಚ್ಚಿತು, ಯುವಕರು ಒಳಮೂಲೆಗೆ ಸರಿದರು. ನಮಗೆ ಬೇಕಾದದ್ದು ಅದಲ್ಲ, ತಿರುಗಿ ಇಟ್ಟೆವು. ಆರು ಪಿನ್ನಿನ ಸ್ಪೈಕ್ ಬಾಕ್ಸ್ ಒಂದನ್ನು ಸುಮಾರು 450 ರೂಪಾಯಿಗೆ ತಂದು ಉದ್ದ ಮೇಜಿನ ನಡುವೆ ಕೂರಿಸಿದ್ದು ಮಾತ್ರ ಫಲ ಕೊಟ್ಟಿತು. ಅಲ್ಲಿಯವರೆಗೆ ಒಟ್ಟಿಗೆ ಕೂರದವರು ಚಾರ್ಜಿಗಾಗಿ ಕೂತರು. "ಇದು ಯಾರದ್ದು, ತೆಗೆಯಲಾ" ಎಂಬ ಮಾತಿನಿಂದ ಶುರುವಾಗಿ ಹಾಳೆಯಲ್ಲಿ ಗೀಟುಗಳು, ಅಂದರೆ ಭಾಷೆ ಬದಲಾದ ಮಾತುಗಳು, ಅತಿ ಹೆಚ್ಚು ಬಿದ್ದದ್ದು ಆ ಮೇಜಿನ ಮೇಲೆ. ಸಮಿತಿಯವರು ಮೇಜನ್ನು ಜಗಲಿಯ ಬಾಗಿಲ ಕಡೆಗೆ ಸರಿಸಿದ್ದು ಇದನ್ನು ನೋಡಿ. ಕರಿಹಲಗೆಯಲ್ಲಿ ದಿನಕ್ಕೊಂದು ಪಿಎಸ್‌ಸಿ ಪ್ರಶ್ನೆಯನ್ನು ಎರಡು ಭಾಷೆಯಲ್ಲಿ ಬರೆದದ್ದೂ ಪರವಾಗಿಲ್ಲ. ಉತ್ತರ ಬರೆಯದೆ ಬಿಟ್ಟ ದಿನ ಮಾತು ಹೆಚ್ಚು.

ಎಣಿಕೆಯ ಜೊತೆ ಒಂದು ಮಾತುಕತೆಯೂ ಬೇಕು, ಅದನ್ನು ಒಳಗೆ ಮಾಡಬೇಡಿ. ವಾಚನಾಲಯದ ಮೆಟ್ಟಿಲಿಂದ ಬಸ್ ಸ್ಟಾಪಿನವರೆಗೆ ನಡೆಯುವ ಐದು ನಿಮಿಷ ಸಾಕು. ನಾವು ಯಾರು, ಏನು ಮಾಡುತ್ತಿದ್ದೇವೆ ಎಂದು ಮೊದಲೇ ಹೇಳಿ, ಬಾಗಿಲಲ್ಲೂ ಎರಡು ಭಾಷೆಯ ನೋಟಿಸ್ ಅಂಟಿಸಿದ್ದೆವು. ಹುಡುಗಿಯರ ಜೊತೆ ನಡೆಯುವುದು ಹೆಂಗಸರೇ ಆಗಿರಬೇಕು, ಇಲ್ಲದಿದ್ದರೆ ಮಾರನೇ ದಿನ ಯಾರೂ ಬರುವುದಿಲ್ಲ. ಪ್ರಾಯ ಮೊದಲೇ ಕೇಳಿ, 18 ತುಂಬಿಲ್ಲದಿದ್ದರೆ ಮನೆಯವರ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ. ಹೆಸರು, ಫೋನ್ ನಂಬರ್ ಬೇಡ. ಮೂರೇ ಪ್ರಶ್ನೆ: ಇವತ್ತು ಮೊದಲು ಮಾತಾಡಿದ್ದು ಯಾರಲ್ಲಿ, ಎಲ್ಲಿ ಕೂತು ಅಥವಾ ನಿಂತು, ಮತ್ತು ಮೂರನೆಯದು. ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಅದು ಬಸ್ಸು ಕಂಡ ಮೇಲೆ ಕೇಳಬೇಕಾದದ್ದು, ಒಳ್ಳೆಯ ಉತ್ತರಗಳೆಲ್ಲ ಅದಕ್ಕೇ ಬಂದವು. ಎರಡನೇ ವಾರಕ್ಕೆ ಜನ ನಮ್ಮನ್ನು ನೋಡುವುದನ್ನು ಬಿಡುವಂತೆ ಮಾಡುವ ಒಂದು ಉಪಾಯವೂ ಉಂಟು, ನಮ್ಮ ಮುಂದಿನ ಎಣಿಕೆ ಮುಗಿದ ಮೇಲೆ ಹೇಳುತ್ತೇನೆ.

ಖರ್ಚು ನೆನಪಿದ್ದಂತೆ ಹೇಳುತ್ತೇನೆ. ಮೂರು ಕಡೆ 12 ದಿನದಂತೆ 36 ದಿನ, ಇಬ್ಬರಿಗೆ ದಿನಕ್ಕೆ 300ರಂತೆ 21,600. ಬಸ್ಸಿಗೆ ಮೂರು ಸಾವಿರದೊಳಗೆ, ಜೆರಾಕ್ಸಿಗೆ 1,600, ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಲು ಹಾಳೆಗೆ ಆರು ರೂಪಾಯಿಯಂತೆ 4,300 ಚಿಲ್ಲರೆ, ಚಹಾ ತಿಂಡಿಗೆ ಎರಡು ಸಾವಿರ. ಹಾಳಾದ ರೆಕಾರ್ಡರ್, ಪ್ರಶ್ನಾವಳಿ ಸೇರಿಸಿದರೂ 40,000ದ ಒಳಗೆ. ಹಾಳೆ ಏರಿಸುವ ಕೆಲಸ ಅದೇ ವಾರ ಆಗಬೇಕು. ತಿಂಗಳು ಬಿಟ್ಟರೆ ಬಾಣ ಯಾವ ಕಡೆಗೆ ಎಂದು ಬರೆದವರಿಗೇ ತಿಳಿಯುವುದಿಲ್ಲ.

ಮೂರನೇ ವಾಚನಾಲಯದಲ್ಲಿ ಮೇಜು ಇನ್ನೂ ಇದ್ದಲ್ಲೇ ಉಂಟು, ಅಲ್ಲಿನ ಸಮಿತಿಯವರಿಗೆ ಭಾನುವಾರ ಬೆಳಗ್ಗಿನ ಹಾಳೆ ಬೇಕಂತೆ. ಭಾನುವಾರಕ್ಕೆ 20 ನಿಮಿಷದ ಸುತ್ತು ಹೊಂದುವುದಿಲ್ಲ. ಬಂದವರು ಮಧ್ಯಾಹ್ನದವರೆಗೆ ಏಳುವುದೇ ಇಲ್ಲ. ಅಲ್ಲಿ 40 ನಿಮಿಷಕ್ಕೊಂದು ಸುತ್ತು ಸಾಕು, ಉಳಿದ ಹೊತ್ತು ಜಗಲಿಯಲ್ಲಿ ಒಬ್ಬರು ಖಾಯಂ ಇರಬೇಕು.