ಮೇಲ್ನೀರಿನ ಗೆಂಡೆಗೆ ಎಂಥ ಕೋಲು?

ಆಲಮಟ್ಟಿ ಹಿನ್ನೀರಲ್ಲಿ ಹಿಟ್ಟಿನ ಉಂಡೆ ಕಟ್ಟಿ ತಳಕ್ಕೆ ಬಿಡುವ 3 ಪೌಂಡ್ ತೂಕಕ್ಕಷ್ಟೇ ಪೂರ್ತಿ ಬಾಗುವ ಬಿರುಸು ಕೋಲಿನಿಂದ ಮೇಲ್ನೀರಿನ ಗೆಂಡೆ ಹಿಡಿಯಲು ಹೊರಟರೆ ಮೀನು ಕಚ್ಚುತ್ತದೆ, ದಡಕ್ಕೆ ಮಾತ್ರ ಬರುವುದಿಲ್ಲ. ಆ ಕೋಲು ಭಾರದ ಸೀಸ ದೂರ ಎಸೆಯಲೆಂದೇ ಮಾಡಿದ್ದು. ಮೇಲೆ ತೇಲುವ ಬ್ರೆಡ್ಡಿಗೆ ಗೆಂಡೆ ಹಿಡಿಯುವಾಗ ಗಾಳ 8 ಅಥವಾ 10ನೇ ನಂಬರಿನ ಚಿಕ್ಕದು, ದಾರ ತೆಳುವು, ಮೀನು ಕಚ್ಚುವುದೂ ಹತ್ತಿರದಲ್ಲೇ. ಅದು ಒಮ್ಮೆಲೇ ಮುಳುಗಿ ಓಡಿದಾಗ ಕೋಲು ಬಾಗಿಕೊಡದಿದ್ದರೆ ತುಟಿ ಹರಿದು ಗಾಳ ಕಳಚುತ್ತದೆ, ಇಲ್ಲವೇ ದಾರ ತುಂಡಾಗುತ್ತದೆ.

ನಾನು ಬಳಸುವುದು 12 ಅಡಿಯ, 2 ಪೌಂಡ್ ಟೆಸ್ಟ್ ಕರ್ವ್ ಇರುವ ಕಾರ್ಬನ್ ರಾಡ್. ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದಾಗ ತುದಿ ನೇರ ಕೆಳಗೆ ಬಾಗಲು ಎಷ್ಟು ತೂಕ ಬೇಕೋ ಅದೇ ಟೆಸ್ಟ್ ಕರ್ವ್. ಅಂಗಡಿಯವರು ಹೇಳಿದ್ದನ್ನು ನಂಬಬೇಕಿಲ್ಲ. ಉಂಗುರಗಳೊಳಗೆ ದಾರ ಪೋಣಿಸಿ, 900 ಮಿಲಿ ನೀರು ತುಂಬಿದ ಬಾಟಲಿ ಕಟ್ಟಿ, ಮೆಲ್ಲಗೆ ಎತ್ತಿ ನೋಡಿ. ನಡುಭಾಗವೂ ಬಾಗಬೇಕು. ತುದಿಯಷ್ಟೇ ಬಾಗಿ ಉಳಿದದ್ದು ನೆಟ್ಟಗೆ ನಿಂತರೆ ಬೇಡ. ಟೆಸ್ಟ್ ಕರ್ವ್ ಬರೆಯದ ಕೋಲಿನಲ್ಲಿ ಎಸೆಯುವ ತೂಕ ನೋಡಿ. 20ರಿಂದ 60 ಗ್ರಾಂ ಇದ್ದರೆ ಸರಿ. ಮಡಚುವ ಟೆಲಿಸ್ಕೋಪಿಕ್ ಕೋಲು ಬಸ್ಸಿಗೆ ಅನುಕೂಲ ನಿಜ, ಆದರೆ ಅದರ ತುಂಡುಗಳು ತಿರುಗಿಕೊಂಡು ಉಂಗುರಗಳ ಸಾಲು ತಪ್ಪುತ್ತದೆ. ಮೂರು ತುಂಡಿನದು ವಾಸಿ.

12 ಅಡಿ ಯಾಕೆಂದರೆ ಗಾಳಿ. ನೀರಿನ ಮೇಲೆ ಬಿದ್ದ ದಾರ ಗಾಳಿಗೆ ಬಿಲ್ಲಿನಂತೆ ಬಾಗಿ ಬ್ರೆಡ್ಡನ್ನು ಎಳೆಯುತ್ತದೆ. ತಾನಾಗಿ ತೇಲದ ತಿನಿಸನ್ನು ಗೆಂಡೆ ಮೂಸಿ ಬಿಟ್ಟುಬಿಡುತ್ತದೆ. ಉದ್ದನೆಯ ಕೋಲಿದ್ದರೆ ದಾರ ಎತ್ತಿ ಗಾಳಿ ಬರುವ ಕಡೆಗೆ ಹಾಕಬಹುದು. ಬಳ್ಳಾರಿ ಜಾಲಿ ಮುತ್ತಿರುವ ಸಣ್ಣ ಕೆರೆಗಳ ದಡದಲ್ಲಿ ಮಾತ್ರ 9-10 ಅಡಿಯದೇ ಲೇಸು.

ದಾರ 10-12 ಪೌಂಡ್ ಎಳೆತ ತಾಳುವ ಮಾಮೂಲಿ ನೈಲಾನ್. ಫ್ಲೋರೋಕಾರ್ಬನ್ ಮುಳುಗುತ್ತದೆ, ಬೇಡ. ಹೆಣೆದ ದಾರ ತೇಲುತ್ತದಾದರೂ ಹಿಗ್ಗುವುದಿಲ್ಲ. ಆ ಪೆಟ್ಟನ್ನೆಲ್ಲ ಕೋಲೇ ತಾಳಬೇಕು. ಹಳೆಯ ಕೋಲು ಕೊಳ್ಳುವುದಾದರೆ ಉಂಗುರಗಳೊಳಗೆ ಹತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ದಾರವೂ ಅಲ್ಲೇ ಹರಿಯುತ್ತದೆ.

ಎಸೆಯಲು ಭಾರಕ್ಕೆ 15-20 ಗ್ರಾಂ ತೇಲುಬುರುಡೆ, ಅದರಿಂದ ಗಾಳಕ್ಕೆ ನಾಲ್ಕಡಿ ದಾರ. ಮೊದಲು ಗಾಳ ಹಾಕದೆ ಚುರಮುರಿ ಚೆಲ್ಲಿ, ಮೀನು ಧೈರ್ಯವಾಗಿ ತಿನ್ನತೊಡಗಿದ ಮೇಲೆ ಬ್ರೆಡ್ಡಿನ ಅಂಚು ಸಿಕ್ಕಿಸಿ ಮೀನಿನಾಚೆ ಎಸೆದು ಮೆಲ್ಲಗೆ ಎಳೆದುಕೊಳ್ಳಿ. ಕಾಟ್ಲಾ ಮೇಲ್ನೀರಿನ ಮೀನೇ, ಆದರೆ ಅದರ ಆಹಾರ ನೀರಿನ ಸೂಕ್ಷ್ಮಜೀವಿಗಳು. ಬ್ರೆಡ್ಡಿಗೆ ಹೆಚ್ಚಾಗಿ ಬರುವುದು ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಬಾಯಿ ತೆರೆದದ್ದು ಕಂಡೊಡನೆ ಕೋಲು ಜಗ್ಗಬೇಡಿ, ದಾರ ಬಿಗಿಯಾಗಲಿ. ರೀಲಿನ ಬಿಗಿಯನ್ನೂ ಮೊದಲೇ ಸಡಿಲಿಸಿಟ್ಟಿರಿ.

ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಕೂರಬೇಕು. ಇನ್ನೊಂದು, ದಡದುದ್ದಕ್ಕೂ ಪಂಪ್‌ಸೆಟ್ಟಿನ ಕರೆಂಟ್ ತಂತಿಗಳಿರುತ್ತವೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಯ ಕೆಳಗೆ ಅದನ್ನು ಜೋಡಿಸಲೂ ಬೇಡಿ.